ಹೆಸರು ಹೇಳದ ನಟ: ಜಾನ್ ಗಾರ್ಫೀಲ್ಡ್

ಹಂಫ್ರಿ ಬೋಗಾರ್ಟ್ ಹೆಸರು ನಿಮಗೆಲ್ಲ ಗೊತ್ತು. ಮಾರ್ಲನ್ ಬ್ರಾಂಡೊ ಹೆಸರು ಇನ್ನೂ ಚೆನ್ನಾಗಿ ಗೊತ್ತು. 1947ರಲ್ಲಿ ನ್ಯೂಯಾರ್ಕಿನ ರಂಗದ ಮೇಲೆ ಸ್ಟ್ಯಾನ್ಲಿ ಕೊವಾಲ್ಸ್ಕಿ ಎಂಬ ಪಾತ್ರ ಮಾಡಿ ಬ್ರಾಂಡೊ ಹೆಸರು ಮಾಡಿದ. ಆ ಪಾತ್ರ ಮೊದಲು ಹೋಗಿದ್ದು ಬೇರೊಬ್ಬನ ಹತ್ತಿರ. ಅವನು ಒಪ್ಪಲಿಲ್ಲ. ಬ್ರಾಂಡೊ ಮಾದರಿಯ ನಟನೆ ಅಂತ ನಾವು ಏನನ್ನು ಕರೆಯುತ್ತೇವೋ, ಅಂದರೆ ತಡವರಿಸುವ ಮಾತು, ಒಳಗೆ ಕುದಿಯುವ ಸಿಟ್ಟು, ಪಕ್ಕದ ಬೀದಿಯ ಹುಡುಗನ ನಡಿಗೆ, ಅದನ್ನೆಲ್ಲ ಹಾಲಿವುಡ್‌ಗೆ ಹತ್ತು ವರ್ಷ ಮೊದಲೇ ತಂದವನು ಅವನು. ಜಾನ್ ಗಾರ್ಫೀಲ್ಡ್.

ಅವನು ಸತ್ತಾಗ ಅವನಿಗೆ ಮೂವತ್ತೊಂಬತ್ತು ವರ್ಷ. ಸಾವಿಗೆ ಕಾರಣ ಹೃದಯಾಘಾತ. ಅವನ ಹೃದಯ ಮೊದಲಿನಿಂದಲೂ ದುರ್ಬಲ, ಅದು ನಿಜ. ಆದರೆ ಕೊನೆಯ ಎರಡು ವರ್ಷ ಅವನಿಗೆ ಸಿನಿಮಾದಲ್ಲಿ ಕೆಲಸ ಸಿಗದ ಹಾಗೆ ಮಾಡಿದ್ದು, ನಿದ್ದೆ ಕೆಡಿಸಿದ್ದು, ಮನೆ ಒಡೆಯುವ ತನಕ ತಂದಿದ್ದು ರಾಜಕೀಯ. ನಾನು ಇವತ್ತು ಮಾತಾಡಬೇಕು ಅಂದುಕೊಂಡಿರುವುದು ಆ ಎರಡು ವರ್ಷದ ಬಗ್ಗೆ. ಆದರೆ ಅವನು ಎಲ್ಲಿಂದ ಬಂದ ಅಂತ ಗೊತ್ತಿಲ್ಲದೆ ಅದು ಅರ್ಥ ಆಗುವುದಿಲ್ಲ. ಹಾಗಾಗಿ ಸ್ವಲ್ಪ ಹಿಂದಕ್ಕೆ ಹೋಗೋಣ.

1913ರ ಮಾರ್ಚ್ 4. ನ್ಯೂಯಾರ್ಕಿನ ಲೋಯರ್ ಈಸ್ಟ್ ಸೈಡ್. ರಷ್ಯಾದಿಂದ ವಲಸೆ ಬಂದ ಬಡ ಯಹೂದಿಗಳು ಒತ್ತೊತ್ತಾಗಿ ಬದುಕುತ್ತಿದ್ದ ಕೇರಿ. ಅಪ್ಪ ಬಟ್ಟೆಗೆ ಇಸ್ತ್ರಿ ಹಾಕುವ ಕೆಲಸದವನು. ಹುಡುಗನ ಹೆಸರು ಜೇಕಬ್ ಗಾರ್ಫಿಂಕಲ್. ಜೂಲಿಯಸ್ ಅಂತ ಇನ್ನೊಂದು ಹೆಸರೂ ಇತ್ತು. ಹತ್ತಿರದವರಿಗೆ ಅವನು ಕೊನೆಯವರೆಗೂ ‘ಜೂಲಿ’. ಏಳು ವರ್ಷಕ್ಕೆ ತಾಯಿ ತೀರಿಕೊಂಡಳು. ಆಮೇಲೆ ನೆಂಟರ ಮನೆಗಳಲ್ಲಿ ಬೆಳೆದ. ಹೆಚ್ಚು ಹೊತ್ತು ಬೀದಿಯಲ್ಲೇ. ಪುಂಡು ಹುಡುಗರ ಗುಂಪು, ಹೊಡೆದಾಟ, ಸಣ್ಣಪುಟ್ಟ ಕಳ್ಳತನ. ಸಾಲದ್ದಕ್ಕೆ ಮಾತು ತೊದಲುತ್ತಿತ್ತು.

ಇಂಥ ಹುಡುಗನನ್ನು ಬ್ರಾಂಕ್ಸ್‌ನ ಒಂದು ಸರ್ಕಾರಿ ಶಾಲೆಗೆ ಹಾಕಿದರು. ಅಲ್ಲಿ ಹೆಡ್ ಮಾಸ್ಟರ್ ಆಗಿದ್ದವರು ಆಂಜೆಲೊ ಪ್ಯಾಟ್ರಿ. ಅವರೂ ಇಟಲಿಯಿಂದ ವಲಸೆ ಬಂದವರೇ. ದಾರಿ ತಪ್ಪಿದ ಮಕ್ಕಳನ್ನು ಹೊಡೆದು ಸರಿಮಾಡುವ ಕಾಲ ಅದು. ಪ್ಯಾಟ್ರಿ ಹೊಡೆಯಲಿಲ್ಲ. ಈ ಹುಡುಗನಿಗೆ ಬಾಕ್ಸಿಂಗ್ ಕಲಿಸಲು ಏರ್ಪಾಡು ಮಾಡಿದರು. ತೊದಲು ಹೋಗಲಿ ಅಂತ ಮಾತಿನ ತರಗತಿಗೆ, ನಾಟಕಕ್ಕೆ ಹಚ್ಚಿದರು. ಬಾಕ್ಸಿಂಗು, ನಾಟಕ ಎರಡೂ ಮುಂದೆ ಅವನ ಅನ್ನ ಆದವು. ಇಲ್ಲಿ ಮೇಷ್ಟ್ರುಗಳು ಯಾರಾದರೂ ಕೂತಿದ್ದರೆ ಪ್ಯಾಟ್ರಿಯವರ ಬಗ್ಗೆ ಓದಿ ಅಂತ ಕೇಳಿಕೊಳ್ಳುತ್ತೇನೆ. ಅಮೆರಿಕಾದ ಶಿಕ್ಷಣದ ಚರಿತ್ರೆಯಲ್ಲಿ ಅವರದು ದೊಡ್ಡ ಹೆಸರು.

ಅಲ್ಲಿಂದ ‘ಗ್ರೂಪ್ ಥಿಯೇಟರ್’. ಈ ಹೆಸರನ್ನು ನೆನಪಿಟ್ಟುಕೊಳ್ಳಿ, ಮುಂದಿನ ಎಲ್ಲ ಗಲಾಟೆಯಲ್ಲೂ ಇದು ಬರುತ್ತದೆ. 1931ರಲ್ಲಿ ಶುರುವಾದ ತಂಡ ಇದು. ಮಹಾ ಆರ್ಥಿಕ ಕುಸಿತದ ದಿನಗಳು. ಬ್ಯಾಂಕು ಮುಳುಗಿವೆ, ಅನ್ನಕ್ಕೆ ಸಾಲು ನಿಂತಿದೆ. ಈ ತಂಡದವರಿಗೆ ನಾಟಕ ಅಂದರೆ ತಮ್ಮ ಬೀದಿಯ ಮಾತು ರಂಗದ ಮೇಲೆ ಬರಬೇಕು. ಒಟ್ಟಿಗೆ ಬದುಕುತ್ತಿದ್ದರು, ಒಟ್ಟಿಗೆ ಜಗಳ ಆಡುತ್ತಿದ್ದರು. ತಂಡದಲ್ಲಿ ಕೆಲವರು ಕಮ್ಯುನಿಸ್ಟ್ ಪಕ್ಷದ ಸದಸ್ಯರಾಗಿದ್ದರು. ಉಳಿದವರಲ್ಲೂ ಎಡಪಂಥದ ಒಲವು ಇದ್ದವರೇ ಜಾಸ್ತಿ. ಆ ಕಾಲದಲ್ಲಿ ಅದು ಅಪರಾಧವೂ ಅಲ್ಲ, ಅಪರೂಪವೂ ಅಲ್ಲ. ಹಿಟ್ಲರ್ ಬಂದಿದ್ದ, ಸ್ಪೇನಿನಲ್ಲಿ ಯುದ್ಧ ನಡೆದಿತ್ತು, ಫ್ಯಾಸಿಸ್ಟರ ಎದುರು ನಿಂತವರು ಯಾರು ಅಂತ ನೋಡಿದರೆ ಎಡದವರು ಮುಂದೆ ಕಾಣುತ್ತಿದ್ದರು. ನಾಟಕಕಾರ ಕ್ಲಿಫರ್ಡ್ ಒಡೆಟ್ಸ್ ಈ ತಂಡದವನು. ನಿರ್ದೇಶಕ ಎಲಿಯಾ ಕಜಾನ್ ಈ ತಂಡದವನು. ನಟ ಲೀ ಜೆ. ಕಾಬ್, ನಟ ಎಡ್ವರ್ಡ್ ಬ್ರಾಂಬರ್ಗ್, ಎಲ್ಲ ಇದೇ ಮನೆಯವರು.

1937ರಲ್ಲಿ ಒಡೆಟ್ಸ್ ‘ಗೋಲ್ಡನ್ ಬಾಯ್’ ಬರೆದ. ಪಿಟೀಲು ಬಾರಿಸುವ ಬಡ ಹುಡುಗ, ದುಡ್ಡಿಗಾಗಿ ಬಾಕ್ಸರ್ ಆಗುವ ಕತೆ. ಗಾರ್ಫೀಲ್ಡ್‌ನನ್ನು ಮನಸ್ಸಿನಲ್ಲಿಟ್ಟುಕೊಂಡೇ ಬರೆದಿದ್ದು. ಆದರೆ ಪಾತ್ರ ಹಂಚುವಾಗ ನಾಯಕನ ಪಾತ್ರ ಬೇರೆಯವನಿಗೆ ಹೋಯಿತು, ಇವನಿಗೆ ಒಂದು ಚಿಕ್ಕ ಪಾತ್ರ ಬಂತು. ಅವನಿಗೆ ಬಹಳ ನೋವಾಯಿತು. ಆ ನೋವಿನಲ್ಲೇ ಹಾಲಿವುಡ್ ಕರೆಗೆ ಹೂಂ ಅಂದ. ವಾರ್ನರ್ ಬ್ರದರ್ಸ್ ಕಂಪನಿ ಅವನಿಗೆ ‘ಜಾನ್’ ಅಂತ ಹೆಸರಿಟ್ಟಿತು.

1938ರ ‘ಫೋರ್ ಡಾಟರ್ಸ್’ ಮೊದಲ ಚಿತ್ರ. ನಾಲ್ಕು ಹೆಣ್ಣುಮಕ್ಕಳಿರುವ ಸುಖಿ ಸಂಸಾರ, ಎಲ್ಲರೂ ಹಾಡುವವರು, ಬಾರಿಸುವವರು. ಅಂಥ ಮನೆಗೆ ಒಬ್ಬ ಬರುತ್ತಾನೆ. ಕೆದರಿದ ತಲೆ, ಮಾಸಿದ ಕೋಟು. ಪಿಯಾನೋ ಮುಂದೆ ಕೂತು ಬಾರಿಸುತ್ತಾನೆ. ತುಟಿಯ ತುದಿಯಲ್ಲಿ ಸಿಗರೇಟು ಜೋತುಬಿದ್ದಿದೆ, ಕೈ ಪಿಯಾನೋ ಬಿಡುವುದಿಲ್ಲ, ಮಾತು ಸಿಗರೇಟಿನ ಪಕ್ಕದಿಂದಲೇ ಬರುತ್ತದೆ. ನನ್ನ ಹಣೆಬರಹ ಬರೆದವರಿಗೆ ನನ್ನ ಮೇಲೆ ದ್ವೇಷ ಅನ್ನುವ ಧಾಟಿಯ ಮಾತು. ಆ ಚಿತ್ರದ ಮಿಕ್ಕ ಭಾಗವೆಲ್ಲ ಈಗ ಹಳತಾಗಿ ಕಾಣುತ್ತದೆ. ಆದರೆ ಅವನು ಬಂದ ಕೂಡಲೇ ಯಾರೋ ಕಿಟಕಿ ತೆರೆದ ಹಾಗೆ ಆಗುತ್ತದೆ. ಮೊದಲ ಚಿತ್ರಕ್ಕೇ ಆಸ್ಕರ್ ನಾಮನಿರ್ದೇಶನ ಸಿಕ್ಕಿತು.

ಆಮೇಲಿನ ವಾರ್ನರ್ ವರ್ಷಗಳನ್ನು ಬೇಗ ದಾಟಿಬಿಡುತ್ತೇನೆ. ಜೈಲಿನಿಂದ ತಪ್ಪಿಸಿಕೊಂಡವನು, ತಪ್ಪು ಮಾಡದೆ ಸಿಕ್ಕಿಬಿದ್ದವನು, ಇಂಥದೇ ಪಾತ್ರಗಳು. ಕತೆ ಹಿಡಿಸದೆ ಬೇಡ ಅಂದಾಗಲೆಲ್ಲ ಕಂಪನಿ ಸಂಬಳ ನಿಲ್ಲಿಸಿ ಮನೆಗೆ ಕಳಿಸುತ್ತಿತ್ತು. ಯುದ್ಧ ಬಂದಾಗ ಸೈನ್ಯಕ್ಕೆ ಸೇರಲು ಹೋದ. ಹೃದಯ ಸರಿಯಿಲ್ಲ ಅಂತ ವಾಪಸ್ ಕಳಿಸಿದರು. ಸುಮ್ನೆ ಕೂರಲಿಲ್ಲ. ನಟಿ ಬೆಟಿ ಡೇವಿಸ್ ಜೊತೆ ಸೇರಿ 1942ರಲ್ಲಿ ‘ಹಾಲಿವುಡ್ ಕ್ಯಾಂಟೀನ್’ ತೆರೆದ. ಯುದ್ಧಕ್ಕೆ ಹೊರಟ ಸೈನಿಕರಿಗೆ ಅಲ್ಲಿ ಊಟ, ಹಾಡು, ಕುಣಿತ ಎಲ್ಲ ಉಚಿತ. ದೊಡ್ಡ ದೊಡ್ಡ ತಾರೆಯರು ತಟ್ಟೆ ಹಿಡಿದು ಬಡಿಸುತ್ತಿದ್ದರು. ಮುಂದೆ ದೇಶದ್ರೋಹದ ಅನುಮಾನ ಬಂದಿದ್ದು ಈ ಮನುಷ್ಯನ ಮೇಲೆ. ಇದನ್ನು ಮರೆಯಬೇಡಿ.

ಇನ್ನು ಫಿಲ್ಮ್ ನ್ವಾರ್. ಜರ್ಮನ್ನರು ಪ್ಯಾರಿಸ್ ಹಿಡಿದಿದ್ದಷ್ಟು ಕಾಲ ಅಲ್ಲಿಗೆ ಅಮೆರಿಕಾದ ಚಿತ್ರಗಳು ಬರಲಿಲ್ಲ. ಯುದ್ಧ ಮುಗಿದ ಮೇಲೆ ಎಲ್ಲ ಒಟ್ಟಿಗೆ ಬಂದವು. ಫ್ರೆಂಚ್ ವಿಮರ್ಶಕರು ನೋಡಿ ದಂಗಾದರು. ಈ ಅಪರಾಧದ ಚಿತ್ರಗಳಲ್ಲಿ ಇಷ್ಟೊಂದು ಕತ್ತಲೆ ಎಲ್ಲಿಂದ ಬಂತು ಅಂತ. 1946ರಲ್ಲಿ ‘ಫಿಲ್ಮ್ ನ್ವಾರ್’, ಅಂದರೆ ಕಪ್ಪು ಚಿತ್ರ, ಅನ್ನುವ ಹೆಸರು ಅವರೇ ಇಟ್ಟಿದ್ದು. ಒದ್ದೆ ರಸ್ತೆ, ಕಿಟಕಿಯ ಪಟ್ಟಿಪಟ್ಟಿ ನೆರಳು, ಮೋಸ, ದುಡ್ಡು, ಕೊಲೆ. ನಾಯಕ ಒಳ್ಳೆಯವನೋ ಕೆಟ್ಟವನೋ ಹೇಳುವುದು ಕಷ್ಟ.

ನ್ವಾರ್ ಅಂದರೆ ನಮ್ಮ ಕಣ್ಣಿಗೆ ಬರುವುದು ಹ್ಯಾಟು ಹಾಕಿದ ಪತ್ತೇದಾರ. ಗಾರ್ಫೀಲ್ಡ್ ಪತ್ತೇದಾರನ ಪಾತ್ರದಿಂದ ಹೆಸರು ಮಾಡಿದವನಲ್ಲ. ಅವನು ಕೆಲಸ ಹುಡುಕಿಕೊಂಡು ಬಂದವನು, ಬಾಕ್ಸರ್, ಸಾಲದಲ್ಲಿ ಮುಳುಗಿದ ದೋಣಿಯವನು. ಪತ್ತೇದಾರ ಅಪರಾಧದ ಲೋಕಕ್ಕೆ ಹೊರಗಿನಿಂದ ಬರುತ್ತಾನೆ. ಇವನು ಬಾಡಿಗೆ ಕಟ್ಟಲು ಆಗದೆ ಅದರೊಳಗೆ ಕಾಲಿಡುತ್ತಾನೆ. ಈ ವ್ಯತ್ಯಾಸ ದೊಡ್ಡದು. ಅವನ ಚಿತ್ರಗಳಲ್ಲಿ ಪಾಪ ಶುರುವಾಗುವುದು ಆಸೆಯಿಂದ ಅಲ್ವಾ ಅಂತ ನೀವು ಕೇಳಬಹುದು. ಹೌದು, ಆಸೆ ಇದೆ. ಆದರೆ ಆ ಆಸೆಯ ಹಿಂದೆ ಯಾವಾಗಲೂ ಒಂದು ಖಾಲಿ ಜೇಬು ಇರುತ್ತದೆ.

1946ರ ‘ದಿ ಪೋಸ್ಟ್‌ಮನ್ ಆಲ್ವೇಸ್ ರಿಂಗ್ಸ್ ಟ್ವೈಸ್’ ನೋಡಿ. ಲಿಫ್ಟ್ ಕೇಳಿಕೊಂಡು ಊರೂರು ಅಲೆಯುವವನು ರಸ್ತೆ ಬದಿಯ ಒಂದು ಹೋಟೆಲ್ ಮುಂದೆ ಇಳಿಯುತ್ತಾನೆ. ಆಳು ಬೇಕಾಗಿದ್ದಾನೆ ಅಂತ ಬೋರ್ಡು. ಒಳಗೆ ಕೂತಿದ್ದಾಗ ನೆಲದ ಮೇಲೆ ಒಂದು ಲಿಪ್‌ಸ್ಟಿಕ್ ಉರುಳಿಕೊಂಡು ಬರುತ್ತದೆ. ಅದು ಬಂದ ದಾರಿಯಲ್ಲೇ ಅವನ ಕಣ್ಣು ಹಿಂದಕ್ಕೆ ಹೋಗುತ್ತದೆ. ಬಾಗಿಲಲ್ಲಿ ಬಿಳಿ ಉಡುಪಿನ ಲಾನಾ ಟರ್ನರ್. ಅವಳು ಮಾಲೀಕನ ಹೆಂಡತಿ. ಅವನು ಲಿಪ್‌ಸ್ಟಿಕ್ ಎತ್ತಿ ಕೈಯಲ್ಲಿ ಹಿಡಿದು ನಿಲ್ಲುತ್ತಾನೆ, ತಾನಾಗಿ ಹೋಗಿ ಕೊಡುವುದಿಲ್ಲ. ಬೇಕಾದರೆ ಅವಳೇ ಬರಲಿ. ಅಲ್ಲೇ ಇಬ್ಬರ ನಡುವಿನ ಪಂದ್ಯ ಶುರು.

ಅದೇ ವರ್ಷದ ‘ಹ್ಯೂಮರೆಸ್ಕ್’ನಲ್ಲಿ ಅವನು ಪಿಟೀಲು ವಾದಕ. ಇದು ವಿಷಯಕ್ಕೆ ಸ್ವಲ್ಪ ಪಕ್ಕದ್ದು, ಆದರೂ ಹೇಳಬೇಕು. ಅವನಿಗೆ ಪಿಟೀಲು ಬರುವುದಿಲ್ಲ. ಕ್ಯಾಮೆರಾ ಹತ್ತಿರ ಬಂದಾಗ ಏನು ಮಾಡಿದರು ಗೊತ್ತಾ? ಅವನ ಕೈ ಎರಡನ್ನೂ ಬೆನ್ನ ಹಿಂದೆ ಮಾಡಿ, ನಿಜವಾದ ಇಬ್ಬರು ವಾದಕರನ್ನು ಅವನ ಆಚೀಚೆ ಕೂರಿಸಿದರು. ಒಬ್ಬನ ಕೈ ಕಮಾನು ಎಳೆಯುತ್ತದೆ, ಇನ್ನೊಬ್ಬನ ಬೆರಳು ತಂತಿ ಒತ್ತುತ್ತದೆ. ನಡುವೆ ಮುಖ ಮಾತ್ರ ಗಾರ್ಫೀಲ್ಡ್‌ನದು. ಕೇಳಿಸುವ ನಾದ ಐಸಾಕ್ ಸ್ಟರ್ನ್ ಅವರದು. ಗೊತ್ತಿದ್ದೂ ನೋಡಿದರೂ ನಿಮಗೆ ಸಂಶಯ ಬರುವುದಿಲ್ಲ. ಸಂಗೀತಗಾರನೊಬ್ಬ ನುಡಿಸುವಾಗ ಮುಖದಲ್ಲಿ ಏನು ಆಗುತ್ತದೋ ಅದೆಲ್ಲ ಅವನ ಮುಖದಲ್ಲಿ ಆಗುತ್ತಿದೆ.

ವಾರ್ನರ್ ಒಪ್ಪಂದ ಮುಗಿಯಿತು. ಹೊಸದಕ್ಕೆ ಸಹಿ ಹಾಕಲಿಲ್ಲ. ಸ್ವತಂತ್ರವಾಗಿ ಚಿತ್ರ ಮಾಡಲು ಹೊರಟ. ಆ ಕಾಲಕ್ಕೆ ತಾರೆಯೊಬ್ಬ ಹಾಗೆ ಮಾಡುವುದು ಧೈರ್ಯದ ಕೆಲಸ. ಮೊದಲ ಚಿತ್ರ 1947ರ ‘ಬಾಡಿ ಅಂಡ್ ಸೋಲ್’. ಬರೆದವನು ಅಬ್ರಹಾಂ ಪೊಲಾನ್ಸ್ಕಿ, ನಿರ್ದೇಶಕ ರಾಬರ್ಟ್ ರಾಸನ್. ಬಡ ಯಹೂದಿ ಕೇರಿಯ ಹುಡುಗ ಬಾಕ್ಸರ್ ಆಗಿ ಮೇಲೇರುವುದು, ಏರುತ್ತ ಏರುತ್ತ ತನ್ನನ್ನೇ ಮಾರಿಕೊಳ್ಳುವುದು. ಬಾಕ್ಸಿಂಗ್ ದೃಶ್ಯಗಳನ್ನು ಛಾಯಾಗ್ರಾಹಕ ಜೇಮ್ಸ್ ವಾಂಗ್ ಹೋ ಹೇಗೆ ತೆಗೆದ ಅನ್ನುವುದು ಪ್ರಸಿದ್ಧ. ಕಾಲಿಗೆ ರೋಲರ್ ಸ್ಕೇಟ್ ಕಟ್ಟಿಕೊಂಡು, ಕ್ಯಾಮೆರಾ ಕೈಯಲ್ಲಿ ಹಿಡಿದು ರಿಂಗ್ ಒಳಗೇ ಇಳಿದ. ಏಟು ಬೀಳುವಾಗ ನೀವೂ ಅಲ್ಲೇ ಇರುತ್ತೀರಿ.

ಕೊನೆಯ ಪಂದ್ಯದಲ್ಲಿ ಬೇಕೆಂದೇ ಸೋಲಬೇಕು ಅಂತ ಜೂಜಿನ ದೊರೆ ದುಡ್ಡು ಕೊಟ್ಟಿರುತ್ತಾನೆ. ನಾಯಕ ಗೆದ್ದುಬಿಡುತ್ತಾನೆ. ದೊರೆ ಎದುರು ಬಂದು ನಿಲ್ಲುತ್ತಾನೆ. ಆಗ ನಾಯಕ ಹೇಳುವ ಮಾತು: ಏನು ಮಾಡುತ್ತೀಯ, ಕೊಲ್ಲುತ್ತೀಯಾ? ಎಲ್ಲರೂ ಸಾಯುತ್ತಾರೆ.

ಈ ಚಿತ್ರದಲ್ಲಿ ಕೆನಡಾ ಲೀ ಎಂಬ ಕಪ್ಪು ನಟ ಇದ್ದಾನೆ. ಅವನು ನಿಜ ಜೀವನದಲ್ಲೂ ಬಾಕ್ಸರ್ ಆಗಿದ್ದವನು. ಕಪ್ಪು ಜನರನ್ನು ಹಾಸ್ಯಕ್ಕೋ ಚಾಕರಿಗೋ ಮಾತ್ರ ತೋರಿಸುತ್ತಿದ್ದ ಕಾಲದಲ್ಲಿ ಅವನಿಗೆ ಇಲ್ಲಿ ಗೌರವದ, ನೋವಿನ ಪಾತ್ರ ಸಿಕ್ಕಿತು. ಗಾರ್ಫೀಲ್ಡ್‌ಗೆ ಈ ಚಿತ್ರದಿಂದ ಎರಡನೇ ಆಸ್ಕರ್ ನಾಮನಿರ್ದೇಶನ. ಈಗ ಈ ಚಿತ್ರದ ಪಟ್ಟಿಯನ್ನು ಇನ್ನೊಂದು ಕಣ್ಣಿನಿಂದ ನೋಡಿ. ಬರೆದ ಪೊಲಾನ್ಸ್ಕಿ, ನಿರ್ದೇಶಿಸಿದ ರಾಸನ್, ತಾಯಿಯ ಪಾತ್ರದ ಆನ್ ರಿವಿಯರ್, ಕೆನಡಾ ಲೀ, ನಾಯಕ ಗಾರ್ಫೀಲ್ಡ್. ಐದಾರು ವರ್ಷದೊಳಗೆ ಇವರೆಲ್ಲರ ಬದುಕಿಗೂ ಪೆಟ್ಟು ಬಿತ್ತು. ಒಂದೇ ಚಿತ್ರದ ಇಷ್ಟು ಜನ.

ಮರುವರ್ಷದ್ದು ‘ಫೋರ್ಸ್ ಆಫ್ ಈವಿಲ್’. ಇವತ್ತು ನಿಮಗೆ ತೋರಿಸುವ ಚಿತ್ರ ಇದೇ. ಬರೆದಿದ್ದರಲ್ಲೂ ನಿರ್ದೇಶನದಲ್ಲೂ ಪೊಲಾನ್ಸ್ಕಿ. ಕತೆ ನಂಬರ್ ಜೂಜಿನದ್ದು. ನಮ್ಮ ಮಟ್ಕಾ ಇದ್ದ ಹಾಗೆ. ಬಡವರು ನಾಲ್ಕಾಣೆ ಎಂಟಾಣೆ ಒಂದು ನಂಬರಿನ ಮೇಲೆ ಕಟ್ಟುತ್ತಾರೆ. ಜುಲೈ 4 ಅಮೆರಿಕಾದ ಸ್ವಾತಂತ್ರ್ಯ ದಿನ, 1776ರ ನೆನಪಿಗೆ ಅವತ್ತು ಎಲ್ಲರೂ 776 ಕಟ್ಟುತ್ತಾರೆ. ಅದೇ ನಂಬರ್ ಬೀಳುವ ಹಾಗೆ ಮಾಡಿದರೆ? ಸಣ್ಣ ಸಣ್ಣ ಜೂಜಿನ ಅಂಗಡಿಗಳೆಲ್ಲ ದುಡ್ಡು ಕೊಡಲಾಗದೆ ಮುಳುಗುತ್ತವೆ. ದೊಡ್ಡವನು ಅವನ್ನೆಲ್ಲ ನುಂಗಬಹುದು. ಈ ಲೆಕ್ಕ ಹಾಕಿಕೊಡುವ ವಕೀಲ ಗಾರ್ಫೀಲ್ಡ್. ಅವನ ಸ್ವಂತ ಅಣ್ಣ ಒಂದು ಸಣ್ಣ ಅಂಗಡಿಯವನು. ತಮ್ಮನನ್ನು ಓದಿಸಿದವನು ಆ ಅಣ್ಣನೇ. ಇದು ಜೂಜಿನ ಕತೆಯೋ, ದೊಡ್ಡ ಕಂಪನಿ ಸಣ್ಣ ಅಂಗಡಿಯನ್ನು ನುಂಗುವ ಕತೆಯೋ ನೀವೇ ಹೇಳಿ. ನನ್ನ ಮಟ್ಟಿಗೆ ಗಾರ್ಫೀಲ್ಡ್‌ನ ಅತ್ಯುತ್ತಮ ಕೆಲಸ ಇದು. ಬಂದಾಗ ಹೆಚ್ಚು ಓಡಲಿಲ್ಲ. 1994ರಲ್ಲಿ ಅಮೆರಿಕಾ ಸರ್ಕಾರವೇ ಇದನ್ನು ಕಾಪಾಡಬೇಕಾದ ಚಿತ್ರಗಳ ಪಟ್ಟಿಗೆ ಸೇರಿಸಿತು. ಕೊನೆ ಹೇಳುವುದಿಲ್ಲ, ನೋಡಿ.

ಈಗ ರಾಜಕೀಯಕ್ಕೆ ಬರೋಣ.

ಅಮೆರಿಕಾದ ಸಂಸತ್ತಿನ ಕೆಳಮನೆಯಲ್ಲಿ ‘ಅಮೆರಿಕಾ ವಿರೋಧಿ ಚಟುವಟಿಕೆಗಳ ಸಮಿತಿ’ ಅಂತ ಒಂದು ಇತ್ತು. ಯುದ್ಧದಲ್ಲಿ ರಷ್ಯಾ ಅಮೆರಿಕಾದ ಗೆಳೆಯ. ಯುದ್ಧ ಮುಗಿದ ಮೇಲೆ ಶತ್ರು. 1947ರ ಅಕ್ಟೋಬರಿನಲ್ಲಿ ಈ ಸಮಿತಿ ಹಾಲಿವುಡ್ ಮೇಲೆ ಕಣ್ಣು ಹಾಕಿತು. ನೀನು ಕಮ್ಯುನಿಸ್ಟ್ ಪಕ್ಷದ ಸದಸ್ಯನೇ, ಹಿಂದೆ ಯಾವಾಗಲಾದರೂ ಆಗಿದ್ದೆಯಾ ಅನ್ನುವ ಪ್ರಶ್ನೆ. ಹತ್ತು ಜನ ಲೇಖಕರು, ನಿರ್ದೇಶಕರು ಉತ್ತರ ಕೊಡಲು ಒಪ್ಪಲಿಲ್ಲ. ನನ್ನ ವಿಚಾರ ನನ್ನದು, ಸಂವಿಧಾನ ಅದಕ್ಕೆ ರಕ್ಷಣೆ ಕೊಟ್ಟಿದೆ ಅಂದರು. ಅವರ ಬೆಂಬಲಕ್ಕೆ ಹಾಲಿವುಡ್ ತಾರೆಯರು ಒಂದು ಸಮಿತಿ ಕಟ್ಟಿದರು. ಬೋಗಾರ್ಟ್, ಲಾರೆನ್ ಬಕಾಲ್, ಜಾನ್ ಹ್ಯೂಸ್ಟನ್ ಎಲ್ಲ ಅದರಲ್ಲಿದ್ದರು. ಗಾರ್ಫೀಲ್ಡ್ ಕೂಡ.

ಆದರೆ ನವೆಂಬರ್ ಹೊತ್ತಿಗೆ ಗಾಳಿ ತಿರುಗಿತು. ಸ್ಟುಡಿಯೋ ಮಾಲೀಕರು ನ್ಯೂಯಾರ್ಕಿನ ಒಂದು ಹೋಟೆಲಿನಲ್ಲಿ ಸೇರಿ, ಈ ಹತ್ತು ಜನರಿಗೆ ಕೆಲಸ ಕೊಡುವುದಿಲ್ಲ ಅಂತ ಹೇಳಿಕೆ ಹೊರಡಿಸಿದರು. ಬೋಗಾರ್ಟ್ ಕೆಲವೇ ತಿಂಗಳಲ್ಲಿ ಹಿಂದೆ ಸರಿದು, ನಾನು ಕಮ್ಯುನಿಸ್ಟ್ ಅಲ್ಲ ಅಂತ ಸಿನಿಮಾ ಪತ್ರಿಕೆಯಲ್ಲಿ ಬರೆದ. 1950ರಲ್ಲಿ ಆ ಹತ್ತು ಜನರೂ ಜೈಲಿಗೆ ಹೋದರು.

1950ರ ಜೂನ್ 22ರಂದು ‘ರೆಡ್ ಚಾನೆಲ್ಸ್’ ಎಂಬ ಪುಸ್ತಿಕೆ ಬಂತು. ರೇಡಿಯೋ, ಟೆಲಿವಿಷನ್, ಮನರಂಜನೆಯ 151 ಜನರ ಹೆಸರು. ಪ್ರತಿ ಹೆಸರಿನ ಕೆಳಗೆ ಅವರು ಯಾವ ಮನವಿಗೆ ಸಹಿ ಹಾಕಿದ್ದರು, ಯಾವ ಸಭೆಗೆ ಹೋಗಿದ್ದರು ಅನ್ನುವ ಪಟ್ಟಿ. ಮೂರು ದಿನಕ್ಕೆ ಕೊರಿಯಾ ಯುದ್ಧ ಶುರುವಾಯಿತು. ಇಂಥ ಪುಸ್ತಿಕೆಗೆ ಅದಕ್ಕಿಂತ ಒಳ್ಳೆಯ ಮುಹೂರ್ತ ಇರಲಿಲ್ಲ. ಅದರಲ್ಲಿ ಗಾರ್ಫೀಲ್ಡ್ ಹೆಸರಿತ್ತು.

ಕಪ್ಪುಪಟ್ಟಿ ಅಂದರೆ ಹೇಗೆ ಕೆಲಸ ಮಾಡುತ್ತದೆ ಅನ್ನುವುದನ್ನು ಸ್ವಲ್ಪ ಬಿಡಿಸಿ ಹೇಳುತ್ತೇನೆ, ಯಾಕೆಂದರೆ ಅದು ನಿಷೇಧದ ಹಾಗೆ ಅಲ್ಲ. ನಿಷೇಧಕ್ಕೆ ಒಂದು ಆದೇಶ ಇರುತ್ತದೆ. ಅದರ ಮೇಲೆ ಕೋರ್ಟಿಗೆ ಹೋಗಬಹುದು. ಇದಕ್ಕೆ ಕಾಗದವೇ ಇಲ್ಲ. ಕೇಳಿದರೆ ಅಂಥ ಪಟ್ಟಿ ಇದೆ ಅಂತ ಯಾರೂ ಒಪ್ಪುವುದಿಲ್ಲ. ಈ ಪಾತ್ರಕ್ಕೆ ನೀವು ಹೊಂದುವುದಿಲ್ಲ, ಚಿತ್ರ ಮುಂದಕ್ಕೆ ಹೋಗಿದೆ, ಮತ್ತೆ ತಿಳಿಸುತ್ತೇವೆ ಅನ್ನುತ್ತಾರೆ. ನಿಮ್ಮ ವಿರುದ್ಧ ಆರೋಪ ಏನು ಅಂತ ಗೊತ್ತಿಲ್ಲದೆ ನೀವು ನಿರಪರಾಧಿ ಅಂತ ತೋರಿಸಬೇಕು. ಬಾಗಿಲು ಮುಚ್ಚಿದ ಸದ್ದೇ ಬರುವುದಿಲ್ಲ.

ಆ ವರ್ಷ ಅವನ ‘ದಿ ಬ್ರೇಕಿಂಗ್ ಪಾಯಿಂಟ್’ ಬಿಡುಗಡೆಯಾಯಿತು. ಹೆಮಿಂಗ್ವೇ ಕಾದಂಬರಿ ಆಧರಿಸಿದ್ದು. ಸಾಲಗಾರ ದೋಣಿಯವನ ಪಾತ್ರದಲ್ಲಿ ಗಾರ್ಫೀಲ್ಡ್ ಎಷ್ಟು ಸಹಜವಾಗಿದ್ದಾನೆ ಅಂದರೆ ನಟಿಸುತ್ತಿದ್ದಾನೆ ಅಂತಲೇ ಅನಿಸುವುದಿಲ್ಲ. ವಿಮರ್ಶಕರು ಮೆಚ್ಚಿದರು. ಕಂಪನಿ ಮಾತ್ರ ಅದನ್ನು ಮುಂದೆ ತಳ್ಳಲಿಲ್ಲ.

1951ರಲ್ಲಿ ಸಮಿತಿ ಮತ್ತೆ ಹಾಲಿವುಡ್‌ಗೆ ಬಂತು. ಈ ಸಲ ಆಟದ ನಿಯಮ ಬೇರೆ. ನಾನು ಕಮ್ಯುನಿಸ್ಟ್ ಆಗಿದ್ದೆ, ಈಗಿಲ್ಲ ಅಂದರೆ ಸಾಲದು. ಜೊತೆಯಲ್ಲಿ ಯಾರ‍್ಯಾರು ಇದ್ದರು, ಹೆಸರು ಹೇಳಬೇಕು. ಮಾರ್ಚ್ 21ರಂದು ನಟ ಲ್ಯಾರಿ ಪಾರ್ಕ್ಸ್ ಬಂದ. ನನ್ನ ಬಗ್ಗೆ ಎಲ್ಲ ಹೇಳುತ್ತೇನೆ, ಬೇರೆಯವರ ಹೆಸರು ಹೇಳಿಸಬೇಡಿ, ನನ್ನನ್ನು ಕೆಸರಿನಲ್ಲಿ ತೆವಳುವ ಹಾಗೆ ಮಾಡಬೇಡಿ ಅಂತ ಬೇಡಿಕೊಂಡ. ಬಿಡಲಿಲ್ಲ. ಆಮೇಲೆ ಮುಚ್ಚಿದ ಬಾಗಿಲ ಹಿಂದೆ ಹೇಳಿಸಿದರು. ಹೇಳಿದರೂ ಅವನ ಸಿನಿಮಾ ಬದುಕು ಉಳಿಯಲಿಲ್ಲ. ಏಪ್ರಿಲ್ 10ರಂದು ನಟ ಸ್ಟರ್ಲಿಂಗ್ ಹೇಡನ್ ಬಂದು ಬೇರೆಯವರ ಹೆಸರು ಹೇಳಿದ. ಇನ್ನೊಬ್ಬ ನ್ವಾರ್ ನಾಯಕ. ಹಾಗೆ ಮಾಡಿದ್ದಕ್ಕೆ ಜೀವನವಿಡೀ ಕೊರಗಿದ, ಬರೆದೂ ಹೇಳಿಕೊಂಡ.

ಒಂದು ಮಾತು ಇಲ್ಲಿ ಒತ್ತಿ ಹೇಳಬೇಕು. ಸಮಿತಿಗೆ ಈ ಹೆಸರುಗಳು ಬೇಕಿರಲಿಲ್ಲ. ಬಹುಪಾಲು ಹೆಸರು ಅವರ ಹತ್ತಿರ ಆಗಲೇ ಇದ್ದವು. ಗೂಢಚಾರರು ಕೊಟ್ಟಿದ್ದರು, ಎಫ್‌ಬಿಐ ಕೊಟ್ಟಿತ್ತು. ಗೊತ್ತಿರುವ ಹೆಸರನ್ನು ಈ ಮನುಷ್ಯನ ಬಾಯಿಂದ, ಎಲ್ಲರೆದುರು ಹೇಳಿಸಬೇಕಿತ್ತು. ಗೆಳೆಯನನ್ನು ಬಿಟ್ಟುಕೊಟ್ಟರೆ ನೀನು ಒಳ್ಳೆಯವನು ಅನ್ನುವ ಪರೀಕ್ಷೆ ಅದು.

ಗಾರ್ಫೀಲ್ಡ್ ಹೋಗಿದ್ದು 1951ರ ಏಪ್ರಿಲ್ 23ಕ್ಕೆ. ಅವನ ಮುಂದೆ ಮೂರು ದಾರಿ ಇತ್ತು. ಉತ್ತರ ಕೊಡದೆ, ವಾಕ್ ಸ್ವಾತಂತ್ರ್ಯ ಕೊಡುವ ಸಂವಿಧಾನದ ಮೊದಲ ತಿದ್ದುಪಡಿಯ ಹೆಸರು ಹೇಳಿದರೆ ಜೈಲು. ತನ್ನ ವಿರುದ್ಧ ತಾನೇ ಸಾಕ್ಷಿ ಹೇಳಬೇಕಿಲ್ಲ ಅನ್ನುವ ಐದನೇ ತಿದ್ದುಪಡಿಯ ಆಸರೆ ಹಿಡಿದರೆ ಜೈಲಿಲ್ಲ, ಆದರೆ ಕೆಲಸ ಹೋಯಿತು. ಹೆಸರು ಹೇಳಿದರೆ ಕೆಲಸ ಉಳಿಯಬಹುದು. ಅವನು ಈ ಮೂರನ್ನೂ ಹಿಡಿಯಲಿಲ್ಲ. ನಾಲ್ಕನೆಯ ದಾರಿ ಹುಡುಕಿದ. ಎಲ್ಲ ಪ್ರಶ್ನೆಗೂ ಉತ್ತರ ಕೊಡುತ್ತೇನೆ ಅಂದ. ನನ್ನ ಬದುಕು ತೆರೆದ ಪುಸ್ತಕ, ನಾನು ಕೆಂಪಿನವನಲ್ಲ ಅಂದ. ಕಮ್ಯುನಿಸಂ ಒಂದು ಸರ್ವಾಧಿಕಾರ ಅಂದ. ಆ ಪಕ್ಷವನ್ನು ನಿಷೇಧಿಸಿದರೆ ತಪ್ಪಿಲ್ಲ ಅನ್ನುವವರೆಗೂ ಹೋದ. ಆದರೆ ನಿನಗೆ ಗೊತ್ತಿರುವ ಕಮ್ಯುನಿಸ್ಟರು ಯಾರು ಅಂತ ಕೇಳಿದರೆ, ನನಗೆ ಯಾರೂ ಗೊತ್ತಿಲ್ಲ. ಮತ್ತೆ ಕೇಳಿದರು. ಗೊತ್ತಿಲ್ಲ. ತಿರುಗಿಸಿ ಕೇಳಿದರು. ಗೊತ್ತಿಲ್ಲ.

ಅವನು ಪಕ್ಷದ ಸದಸ್ಯ ಆಗಿರಲಿಲ್ಲ, ಅದು ನಿಜ. ಆದರೆ ಯಾರೂ ಗೊತ್ತಿಲ್ಲ ಅನ್ನುವುದು ನಿಜ ಆಗಿರಲು ಸಾಧ್ಯವಿಲ್ಲ. ಗ್ರೂಪ್ ಥಿಯೇಟರ್‌ನಲ್ಲಿ ಬೆಳೆದವನಿಗೆ, ಪೊಲಾನ್ಸ್ಕಿ ಜೊತೆ ಎರಡು ಚಿತ್ರ ಮಾಡಿದವನಿಗೆ ಯಾರೂ ಗೊತ್ತಿಲ್ಲವೇ? ಅಷ್ಟೇಕೆ, ಅವನ ಹೆಂಡತಿ ರಾಬರ್ಟಾ ಹಿಂದೆ ಪಕ್ಷದಲ್ಲಿದ್ದವಳು. ಹೆಸರು ಹೇಳಲು ಹೊರಟರೆ ಮನೆಯಿಂದಲೇ ಶುರು ಮಾಡಬೇಕಿತ್ತು.

ಎಡದವರಲ್ಲಿ ಕೆಲವರಿಗೆ ಈ ಸಾಕ್ಷ್ಯ ಇವತ್ತಿಗೂ ಇಷ್ಟವಿಲ್ಲ. ಸಮಿತಿಯ ಮುಂದೆ ತಲೆಬಾಗಿದ, ತನ್ನ ಹಳೆಯ ವಿಚಾರಗಳನ್ನೆಲ್ಲ ಬಿಟ್ಟುಕೊಟ್ಟ ಅನ್ನುತ್ತಾರೆ. ಅದು ಸುಳ್ಳಲ್ಲ, ನಾನು ಮುಚ್ಚಿಡುವುದಿಲ್ಲ. ಆ ಸಾಕ್ಷ್ಯ ಓದುವಾಗ ಕಷ್ಟವಾಗುತ್ತದೆ. ಪ್ರೀತಿಯ ಕೆಲಸ ಉಳಿಸಿಕೊಳ್ಳಲು ಒಬ್ಬ ಮನುಷ್ಯ ಎಷ್ಟು ಬಗ್ಗಬಹುದೋ ಅಷ್ಟೂ ಬಗ್ಗಿದ್ದಾನೆ. ಆದರೆ ಒಂದು ಜಾಗಕ್ಕೆ ಬಂದಾಗ ಬಗ್ಗಲಿಲ್ಲ. ತನ್ನ ಮಾತನ್ನು ಬಿಟ್ಟುಕೊಟ್ಟ, ಬೇರೆಯವರ ಅನ್ನವನ್ನು ಬಿಟ್ಟುಕೊಡಲಿಲ್ಲ. ನನಗೆ ಮುಖ್ಯ ಆಗಿರುವುದು ಇದೇ. ನಾವು ವೀರರ ಕತೆ ಹೇಳುತ್ತೇವೆ, ದ್ರೋಹಿಗಳ ಕತೆಯನ್ನೂ ಹೇಳುತ್ತೇವೆ. ಹೆದರಿದ, ಬೆವರಿದ, ಆದರೂ ಯಾರನ್ನೂ ಹಿಡಿದುಕೊಡದ ಮನುಷ್ಯನ ಕತೆ ಹೇಳುವುದು ಕಡಿಮೆ. ಬೀದಿಯಲ್ಲಿ ಬೆಳೆದ ಹುಡುಗರಿಗೆ ಚಾಡಿ ಹೇಳುವುದಕ್ಕಿಂತ ಕೀಳು ಕೆಲಸ ಇನ್ನೊಂದಿಲ್ಲ. ಪೊಲಾನ್ಸ್ಕಿ ಕೂಡ ಮುಂದೆ ಇದನ್ನೇ ಹೇಳಿದ: ಅವನು ತನ್ನ ಬೀದಿ ಹುಡುಗನ ಮರ್ಯಾದೆ ಕಾಪಾಡಿಕೊಂಡ, ಅದಕ್ಕೇ ಅವನನ್ನು ಕೊಂದರು ಅಂತ.

ಸಮಿತಿಯವರು ನಂಬಲಿಲ್ಲ. ಸುಳ್ಳು ಸಾಕ್ಷಿ ಹೇಳಿದ್ದಾನೆಯೇ ನೋಡಿ ಅಂತ ಅವನ ಹೇಳಿಕೆಯನ್ನು ತನಿಖೆಗೆ ಕಳಿಸಿದರು. ಅತ್ತ ದರಿ ಇತ್ತ ಪುಲಿ. ಎರಡು ದಿನ ಬಿಟ್ಟು, ಏಪ್ರಿಲ್ 25ರಂದು ಪೊಲಾನ್ಸ್ಕಿ ಅದೇ ಸಮಿತಿ ಮುಂದೆ ಹೋಗಿ ಸಹಕರಿಸಲು ಒಪ್ಪದೆ ಬಂದ. ಅವನ ಕೆಲಸ ಅಂದಿಗೆ ಹೋಯಿತು.

ಜೂನ್‌ನಲ್ಲಿ ಗಾರ್ಫೀಲ್ಡ್‌ನ ಕೊನೆಯ ಚಿತ್ರ ಬಂತು, ‘ಹಿ ರ‍್ಯಾನ್ ಆಲ್ ದಿ ವೇ’. ನಿರ್ದೇಶಕ ಜಾನ್ ಬೆರ‍್ರಿ. ಚಿತ್ರಕತೆಯಲ್ಲಿ ಕೈಯಿದ್ದವರಲ್ಲಿ ಒಬ್ಬ, ಜೈಲಿಗೆ ಹೋದ ಹತ್ತು ಜನರಲ್ಲಿ ಒಬ್ಬನಾದ ಡಾಲ್ಟನ್ ಟ್ರಂಬೊ. ತೆರೆಯ ಮೇಲೆ ಅವನ ಹೆಸರಿಲ್ಲ. ಪೊಲೀಸನನ್ನು ಕೊಂದು ಓಡುವ ಕಳ್ಳನೊಬ್ಬ ಒಂದು ಸಾಮಾನ್ಯ ಸಂಸಾರದ ಮನೆಗೆ ನುಗ್ಗಿ ಅಡಗುತ್ತಾನೆ. ಯಾರನ್ನೂ ನಂಬಲಾರ. ಊಟಕ್ಕೆ ಕೂತರೂ ನಂಬಲಾರ. ಆ ಮನೆಯ ಮಗಳಿಗೆ ಅವನ ಮೇಲೆ ಮನಸ್ಸಾಗುತ್ತದೆ. ಓಡಿಹೋಗಲು ಕಾರು ತರಲು ದುಡ್ಡು ಕೊಡುತ್ತಾನೆ. ಕಾರು ಬರಲಿಲ್ಲ, ಇವಳು ನನ್ನನ್ನು ಹಿಡಿದುಕೊಟ್ಟಳು ಅಂತ ತೀರ್ಮಾನಿಸುತ್ತಾನೆ. ಅಲ್ಲಿಗೆ ಎಲ್ಲ ಕೆಡುತ್ತದೆ. ಅವಳು ಹಾರಿಸಿದ ಗುಂಡು ತಗುಲಿ ಬೀದಿಗೆ ಬಂದು ಬೀಳುವಾಗ, ಎದುರಿಗೆ ಕಾರು ಬಂದು ನಿಲ್ಲುತ್ತದೆ. ಅವಳು ಮೋಸ ಮಾಡಿರಲಿಲ್ಲ. ಯಾರು ಯಾರ ಹೆಸರು ಹೇಳುತ್ತಾರೋ ಅಂತ ಇಡೀ ಊರು ನಡುಗುತ್ತಿದ್ದ ದಿನಗಳಲ್ಲಿ ಈ ಚಿತ್ರ ಬಂತು ಅನ್ನುವುದನ್ನು ಯೋಚಿಸಿ.

ಅಲ್ಲಿಗೆ ಸಿನಿಮಾ ಮುಗಿಯಿತು. ನ್ಯೂಯಾರ್ಕಿಗೆ ಹಿಂದಿರುಗಿದ. 1952ರ ಮಾರ್ಚಿನಲ್ಲಿ ‘ಗೋಲ್ಡನ್ ಬಾಯ್’ ಮತ್ತೆ ರಂಗಕ್ಕೆ ಬಂತು, ಒಡೆಟ್ಸ್ ಕೈಯಲ್ಲೇ ನಿರ್ದೇಶನ. ಹದಿನೈದು ವರ್ಷದ ಹಿಂದೆ ಕೈತಪ್ಪಿದ್ದ ನಾಯಕನ ಪಾತ್ರ ಕೊನೆಗೂ ಗಾರ್ಫೀಲ್ಡ್‌ಗೆ. ತಂದೆಯ ಪಾತ್ರದಲ್ಲಿ ಲೀ ಜೆ. ಕಾಬ್. ನಾಟಕ ಕೆಲವು ವಾರ ನಡೆಯಿತು.

ಆಮೇಲಿನ ತಾರೀಕುಗಳನ್ನು ಸಾಲಾಗಿ ಕೇಳಿ. ಬ್ರಾಂಬರ್ಗ್ ಆಗಲೇ ಇರಲಿಲ್ಲ, 1951ರ ಡಿಸೆಂಬರಿನಲ್ಲಿ ಲಂಡನ್ನಿನಲ್ಲಿ ಹೃದಯಾಘಾತದಿಂದ ಸತ್ತಿದ್ದ. 1952ರ ಏಪ್ರಿಲಿನಲ್ಲಿ ಎಲಿಯಾ ಕಜಾನ್ ಸಮಿತಿಯ ಮುಂದೆ ಗ್ರೂಪ್ ಥಿಯೇಟರ್‌ನ ಹಳೆಯ ಗೆಳೆಯರ ಹೆಸರು ಹೇಳಿದ. ಮೇ 9ರಂದು ಕೆನಡಾ ಲೀ ಸತ್ತ, ಕೆಲಸವಿಲ್ಲದೆ, ಸಾಲದಲ್ಲಿ. ಮೇ 19 ಮತ್ತು 20ರಂದು ಒಡೆಟ್ಸ್ ಸಮಿತಿಯ ಮುಂದೆ ಹೆಸರು ಹೇಳಿದ. ಮೇ 21ರ ಬೆಳಿಗ್ಗೆ ಗಾರ್ಫೀಲ್ಡ್ ನ್ಯೂಯಾರ್ಕಿನಲ್ಲಿ, ಗೆಳತಿಯೊಬ್ಬಳ ಮನೆಯಲ್ಲಿ, ಮಲಗಿದಲ್ಲೇ ಸತ್ತಿದ್ದ. ಹೆಂಡತಿಯಿಂದ ಬೇರೆಯಾಗಿ ಸ್ವಲ್ಪ ಕಾಲ ಆಗಿತ್ತು.

ಆ ಕೊನೆಯ ದಿನಗಳಲ್ಲಿ ಅವನು ಒಂದು ಲೇಖನದ ಕೆಲಸದಲ್ಲಿದ್ದ. ಎಡದವರು ನನ್ನನ್ನು ಹೇಗೆ ಮರುಳು ಮಾಡಿದರು ಅನ್ನುವ ಅರ್ಥದ್ದು, ಬಾಕ್ಸಿಂಗ್ ಭಾಷೆಯಲ್ಲಿ ಅದಕ್ಕೊಂದು ಶೀರ್ಷಿಕೆ ಕೂಡ ಇತ್ತು. ಒಂದು ಪತ್ರಿಕೆಯಲ್ಲಿ ಅಚ್ಚಾದರೆ ಕೆಲಸ ವಾಪಸ್ ಬರಬಹುದು ಅನ್ನುವ ಆಸೆ. ಅದು ಅಚ್ಚಾಗಲಿಲ್ಲ. ಅಷ್ಟರ ಮಟ್ಟಿಗೆ ಅವನು ಒಡೆದು ಹೋಗಿದ್ದ. ಆಗಲೂ ಬೇರೆಯವರ ಹೆಸರನ್ನು ಸಮಿತಿಗೆ ಕೊಟ್ಟಿರಲಿಲ್ಲ.

ಅಂತ್ಯಕ್ರಿಯೆಗೆ ಸುಮಾರು ಹತ್ತು ಸಾವಿರ ಜನ ಬೀದಿಯಲ್ಲಿ ಸೇರಿದರು. 1926ರಲ್ಲಿ ರುಡಾಲ್ಫ್ ವ್ಯಾಲೆಂಟಿನೊ ಸತ್ತ ಮೇಲೆ ನ್ಯೂಯಾರ್ಕ್ ಒಬ್ಬ ನಟನಿಗೆ ಅಷ್ಟು ಜನ ಸೇರಿದ್ದನ್ನು ನೋಡಿರಲಿಲ್ಲ ಅಂತ ಪತ್ರಿಕೆಗಳು ಬರೆದವು. ಸ್ಟುಡಿಯೋಗಳು ಬೇಡ ಅಂದವನು ಜನಕ್ಕೆ ಬೇಕಾಗಿದ್ದ.

ಉಳಿದವರು ಏನಾದರು? ರಾಸನ್ 1951ರಲ್ಲಿ ಹೆಸರು ಹೇಳಲಿಲ್ಲ. ಎರಡು ವರ್ಷ ಕೆಲಸವಿಲ್ಲದೆ ಕೂತ. 1953ರಲ್ಲಿ ಹೋಗಿ ಹೇಳಿದ. ಲೀ ಜೆ. ಕಾಬ್ ಕೂಡ ಅದೇ ವರ್ಷ ಹೇಳಿದ. ಇಬ್ಬರೂ ಮತ್ತೆ ದೊಡ್ಡ ಚಿತ್ರಗಳಲ್ಲಿ ಕೆಲಸ ಮಾಡಿದರು. ಆನ್ ರಿವಿಯರ್ ಹೇಳಲಿಲ್ಲ. ಆಸ್ಕರ್ ಗೆದ್ದ ನಟಿ ಆಕೆ, ಹತ್ತಿರ ಹತ್ತಿರ ಇಪ್ಪತ್ತು ವರ್ಷ ತೆರೆಯಿಂದ ದೂರ ಉಳಿದಳು. ಪೊಲಾನ್ಸ್ಕಿ ಬೇರೆಯವರ ಹೆಸರಿನಲ್ಲಿ ಬರೆದು ಹೊಟ್ಟೆ ಹೊರೆದ. ‘ಫೋರ್ಸ್ ಆಫ್ ಈವಿಲ್’ ಆದಮೇಲೆ ಅವನು ನಿರ್ದೇಶಿಸಿದ ಎರಡನೇ ಚಿತ್ರ ಬಂದಿದ್ದು 1969ರಲ್ಲಿ. ಇಪ್ಪತ್ತೊಂದು ವರ್ಷ. ಒಬ್ಬ ನಿರ್ದೇಶಕನ ಇಡೀ ಯೌವನ.

ಈಗ ಚಿತ್ರ ಹಾಕುತ್ತಾರೆ. ಒಂದೂ ಕಾಲು ಗಂಟೆಗೆ ಸ್ವಲ್ಪ ಜಾಸ್ತಿ ಅಷ್ಟೆ. ನಡುವೆ ಒಂದು ಕಡೆ ಗಾರ್ಫೀಲ್ಡ್ ಆಫೀಸಿನಲ್ಲಿ ಫೋನ್ ಎತ್ತುತ್ತಾನೆ. ತನ್ನ ಫೋನನ್ನು ಯಾರೋ ಕದ್ದು ಕೇಳುತ್ತಿದ್ದಾರೆ ಅನ್ನುವ ಭಯ ಅವನಿಗೆ. ಕಿವಿಗೆ ಹಿಡಿದು ಸುಮ್ನೆ ಆಲಿಸುತ್ತಾನೆ. 1948ರಲ್ಲಿ ಅದು ಬರೀ ಕತೆಯಲ್ಲಿ ಬರುವ ಭಯ. ಎರಡು ಮೂರು ವರ್ಷಕ್ಕೆ ಅವನ ಮನೆಯದೇ ಆಯಿತು. ಆ ದೃಶ್ಯ ಬಂದಾಗ ಅವನ ಮುಖ ನೋಡಿ, ಕಣ್ಣು ಆಚೀಚೆ ಬಿಡಬೇಡಿ. ಮುಗಿದ ಮೇಲೆ ಕೂತು ಮಾತಾಡೋಣ.